ಮಳೆಗಾಲದ ದೊಂಬ್ರಾ

ಪ್ರಶ್ನೆ: ಕಜಾಕಿಸ್ತಾನದಲ್ಲಿ ಓದುವ ಮಗಳು ದೊಂಬ್ರಾ (ಎರಡು ತಂತಿಯ ಕಜಕ್ ವಾದ್ಯ) ತಂದಿದ್ದಾಳೆ. ಮಳೆ ಹಿಡಿದ ಮೇಲೆ ಅದರ ಮರದ ಬಿರಡೆ ತಿರುಗುತ್ತಿಲ್ಲ, ಒಂದು ತಂತಿಯೂ ಹರಿದಿದೆ. ಇಲ್ಲಿ ಏನು ಹಾಕಬಹುದು?
– ಓದುಗರು, ಕಾರವಾರ

ಉತ್ತರ: ಉಕ್ಕಿನ ತಂತಿ ಮಾತ್ರ ಬೇಡ. ಹಗುರ ಮರದ ವಾದ್ಯ ಅಷ್ಟು ಎಳೆತ ತಡೆಯದು, ಕೊರಳು ಬಾಗೀತು. ಹಿಂದೆ ಕರುಳಿನ ತಂತಿ ಕಟ್ಟುತ್ತಿದ್ದರು. ಈಗ ಅಲ್ಲಿಯೂ ಗಾಳದ ನೈಲಾನ್ ದಾರ ಬಳಸುತ್ತಾರೆ. ಮೀನುಗಾರಿಕೆ ಸಾಮಾನಿನ ಅಂಗಡಿಯಲ್ಲಿ 0.9 ಮಿ.ಮೀ. ದಪ್ಪದ್ದು ಕೇಳಿ.

ಎರಡೂ ತಂತಿ ಒಟ್ಟಿಗೆ ಬಿಚ್ಚಬೇಡಿ. ಕುದುರೆಯನ್ನು (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಅಂಟಿಸಿರುವುದಿಲ್ಲ, ತಂತಿಯ ಒತ್ತಡದಲ್ಲೇ ಅದು ನಿಲ್ಲುತ್ತದೆ. ಅದು ಇರುವ ಜಾಗಕ್ಕೆ ಮೊದಲೇ ಪೆನ್ಸಿಲ್ ಗುರುತು ಹಾಕಿ. ಈಗಿನ 19 ಮೆಟ್ಟಿಲಿನ (ಕೊರಳಿನ ಮೇಲಿನ ಅಡ್ಡಪಟ್ಟಿ) ದೊಂಬ್ರಾದಲ್ಲಿ 12ನೆಯದನ್ನು ಒತ್ತಿದರೆ ಬಿಟ್ಟ ತಂತಿಯ ತಾರಸ್ವರ ಬರಬೇಕು. ಸ್ವರ ಏರಿದ್ದರೆ ಕುದುರೆಯನ್ನು ಕೊರಳಿನಿಂದ ಕೂದಲೆಳೆಯಷ್ಟು ದೂರ ಸರಿಸಿ. ಶ್ರುತಿ ಸಾಮಾನ್ಯವಾಗಿ ಸ–ಮ, ಕೆಲವು ಕುಯ್ (ಕಜಕ್ ವಾದ್ಯಸಂಗೀತ) ಕೃತಿಗಳಿಗೆ ಸ–ಪ. 19ನೇ ಶತಮಾನದ ಕಜಕ್ ದೊಂಬ್ರಾ ವಾದಕ ಕುರ್ಮಾಂಗಾಜಿಯ ಕುಯ್‌ಗಳಲ್ಲಿ ಎರಡೂ ತಂತಿಯನ್ನು ಒಟ್ಟಿಗೆ ರಭಸದಿಂದ ಹೊಡೆಯುತ್ತಾರೆ; ತಂತಿ ಸಡಿಲವಿದ್ದರೆ ಮೆಟ್ಟಿಲಿಗೆ ಬಡಿದು ಝರ್ ಎನ್ನುತ್ತದೆ. ಹೊಸ ನೈಲಾನ್ ಕೆಲವು ದಿನ ಹಿಗ್ಗುತ್ತಲೇ ಇರುತ್ತದೆ, ಗಾಬರಿ ಬೇಡ.

ಬಿರಡೆ ತೇವಕ್ಕೆ ಉಬ್ಬಿದೆ. ಇಕ್ಕಳ ಹಾಕಿದರೆ ಮುರಿಯುತ್ತದೆ. ಮೆಲ್ಲಗೆ ಹೊರಗೆಳೆಯುತ್ತಾ ತಿರುಗಿಸಿ, ಗಾಳಿಗೆ ಒಣಗಿಸಿ, ಒಣ ಸಾಬೂನು, ಮೇಲೆ ಸೀಮೆಸುಣ್ಣ ಸವರಿ. ಎಣ್ಣೆ ಹಚ್ಚಿದರೆ ಜಾರುತ್ತದೆ. ಒಲೆಯ ಮೇಲಿನ ಅಟ್ಟದಲ್ಲಂತೂ ಇಡಲೇಬೇಡಿ: ಬಿಸಿಗೆ ಅಂಟು ಬಿಟ್ಟು, ಹೊಟ್ಟೆಯ ಪಟ್ಟಿಗಳು ಕೂಡಿದಲ್ಲಿ ಬಿರುಕು ಬೀಳುತ್ತದೆ.