ಉಪ್ಪಾಗೆಯ ಮಾತ್ರೆ ತಿಂದರೆ ತೂಕ ಇಳಿಯುತ್ತದೆಯೇ?

ನಿಮ್ಮ ಪ್ರಶ್ನೆ ಇಷ್ಟು: ಐವತ್ತೆರಡು ವರ್ಷದ ನಿಮ್ಮ ತಾಯಿಯವರು ಬೊಜ್ಜು ಕರಗಿಸುತ್ತದೆಂಬ ಜಾಹೀರಾತು ನೋಡಿ ‘ಗಾರ್ಸಿನಿಯಾ ಕಾಂಬೋಜಿಯಾ’ ಎಂಬ ಮಾತ್ರೆ ತರಿಸಿಕೊಂಡಿದ್ದಾರೆ, ಅದು ಮಲೆನಾಡಿನ ಉಪ್ಪಾಗೆಯೇ ಎಂದು ಗೊತ್ತಾದ ಮೇಲೆ ‘ನಮ್ಮ ಕಾಡಿನ ಹಣ್ಣು, ಅದರಿಂದ ಏನಾದೀತು’ ಎಂದು ನಿಶ್ಚಿಂತರಾಗಿದ್ದಾರೆ, ಇದಕ್ಕೆ ವಿಜ್ಞಾನದ ಆಧಾರವಿದೆಯೇ, ಊರಿನಿಂದ ತಂದ ಒಣ ಸಿಪ್ಪೆಯನ್ನು ಅಡುಗೆಗೆ ಬಳಸಬಹುದೇ ಎಂದು ಕೇಳಿದ್ದೀರಿ. ನಾನು ಸಿದ್ದಾಪುರದ ಕಡೆಯವನು, ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ, ವೈದ್ಯನಲ್ಲ. ಹಾಗಾಗಿ ಆ ಹಣ್ಣಿನೊಳಗೆ ಏನಿದೆ, ಅದು ದೇಹದಲ್ಲಿ ಏನು ಮಾಡುತ್ತದೆಂದು ಪರೀಕ್ಷಿಸಿದವರಿಗೆ ಏನು ಕಂಡಿತು ಎಂಬಷ್ಟನ್ನು ವಿವರವಾಗಿ ಹೇಳಬಲ್ಲೆ.

ಉಪ್ಪಾಗೆ ಪಶ್ಚಿಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನ ಮರ, ಮುರುಗಲಿನ ಹತ್ತಿರದ ಸಂಬಂಧಿ. ಪುಟ್ಟ ಕುಂಬಳಕಾಯಿಯ ಹಾಗೆ ಏಣೇಣಾಗಿರುವ ಇದರ ಹಣ್ಣು ಮಳೆಗಾಲದಲ್ಲಿ ಹಳದಿಯಾಗಿ ಮಾಗುತ್ತದೆ. ಕೇರಳದವರು ಒಣ ಸಿಪ್ಪೆಯನ್ನು ಕೊಡಂಪುಳಿ ಎಂದು ಮೀನಿನ ಸಾರಿಗೆ ಹಾಕುತ್ತಾರೆ. ಕೊಡಗಿನವರು ರಸವನ್ನು ಕಪ್ಪಗೆ ಗಟ್ಟಿಯಾಗುವ ತನಕ ಕಾಯಿಸಿ ಕಾಚಂಪುಳಿ ಮಾಡಿಟ್ಟುಕೊಳ್ಳುತ್ತಾರೆ. ನಮ್ಮ ಕಡೆ ಬೀಜದಿಂದ ತುಪ್ಪ ತೆಗೆಯುತ್ತಿದ್ದರು, ಸಿಪ್ಪೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿಸುತ್ತಿದ್ದರು. ಸಸ್ಯಶಾಸ್ತ್ರದವರು ಈಗ ಇದನ್ನು ಗಾರ್ಸಿನಿಯಾ ಗುಮ್ಮಿ-ಗುಟ್ಟಾ ಎನ್ನುತ್ತಾರೆ. ಕಾಂಬೋಜಿಯಾ ಎಂಬ ಹಳೆಯ ಹೆಸರನ್ನು ಬಿಡದೆ ಹಿಡಿದುಕೊಂಡಿರುವುದು ಮಾತ್ರೆಯ ಮಾರುಕಟ್ಟೆ. ನಾನು ಬೆಳೆದ ಮನೆಯಲ್ಲಿ ಇದು ಹುಳಿಯ ಸಾಮಾನು. ಇದನ್ನು ತಿಂದು ಸಣ್ಣಗಾಗಬೇಕೆಂಬ ಮಾತನ್ನು ಹಿರಿಯರ ಬಾಯಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ. ಆ ಮಾತು ಹುಟ್ಟಿದ್ದು ಪ್ರಯೋಗಾಲಯದಲ್ಲಿ.

ಈ ಹುಳಿ ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲ, ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲಗಳದ್ದೇ ಇರಬೇಕೆಂದು ಬಹುಕಾಲ ನಂಬಲಾಗಿತ್ತು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿದ್ದ ಲೂಯಿಸ್ ಮತ್ತು ನೀಲಕಂಠನ್ ಅವರು ಸಿಪ್ಪೆಯ ಮುಖ್ಯ ಆಮ್ಲ ಇವೆರಡೂ ಅಲ್ಲ, ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು 1965ರಲ್ಲಿ ತೋರಿಸಿಕೊಟ್ಟರು. ಹೆಸರೇ ಹೇಳುವಂತೆ ಇದು ಸಿಟ್ರಿಕ್ ಆಮ್ಲಕ್ಕೆ ಇನ್ನೊಂದು ಹೈಡ್ರಾಕ್ಸಿಲ್ ಗುಂಪು ಸೇರಿದ ಅಣು. ಆಮ್ಲಜನಕದ ಒಂದೇ ಒಂದು ಪರಮಾಣು ಹೆಚ್ಚು. ಆ ಒಂದು ಪರಮಾಣುವಿನಿಂದಾಗಿ ಅಣುವಿನ ಗುಂಪುಗಳು ನಾಲ್ಕು ಬಗೆಯಲ್ಲಿ ದಿಕ್ಕು ಪಡೆಯಲು ಸಾಧ್ಯವಾಗುತ್ತದೆ. ಉಪ್ಪಾಗೆ, ಮುರುಗಲುಗಳಲ್ಲಿ ಒಂದು ಬಗೆಯಿದ್ದರೆ, ಕೆಂಪು ಪುಂಡಿಯಲ್ಲಿರುವುದು ಬೇರೊಂದು ಬಗೆ. ಒಣ ಸಿಪ್ಪೆಯ ತೂಕದಲ್ಲಿ ಸುಮಾರು ಶೇ 10ರಿಂದ 30ರಷ್ಟು ಈ ಆಮ್ಲವೇ ಇರುತ್ತದೆ, ಸಸ್ಯದಲ್ಲಿ ಸಿಗುವ ಒಂದು ವಸ್ತುವಿಗೆ ಇದು ಬಹಳ ದೊಡ್ಡ ಪ್ರಮಾಣ.

ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷ ಎಡವುವ ಒಂದು ಜಾಗವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಮಾತ್ರೆಯ ಡಬ್ಬಿ ಓದುವಾಗ ಅದು ಉಪಯೋಗಕ್ಕೆ ಬರುತ್ತದೆ. ಸಿಪ್ಪೆಯ ಕಷಾಯವನ್ನು ಕಾಯಿಸಿ ಗಟ್ಟಿ ಮಾಡುತ್ತ ಹೋದರೆ ಈ ಆಮ್ಲದ ಒಂದು ತುದಿ ಇನ್ನೊಂದನ್ನು ಹಿಡಿದುಕೊಂಡು, ನೀರು ಕಳೆದುಕೊಂಡು, ಲ್ಯಾಕ್ಟೋನ್ ಎಂಬ ಉಂಗುರವಾಗುತ್ತದೆ. ಉಂಗುರವಾದ ಅಣುವಿಗೆ ಮೂಲ ಆಮ್ಲದಷ್ಟು ಕಸುವಿಲ್ಲ. ಸುಮ್ಮನೆ ಕ್ಷಾರ ಹಾಕಿ ಒಟ್ಟು ಹುಳಿಯನ್ನು ಅಳೆದರೆ ಎಷ್ಟು ಭಾಗ ಆಮ್ಲ, ಎಷ್ಟು ಭಾಗ ಲ್ಯಾಕ್ಟೋನ್ ಎಂಬುದು ತಿಳಿಯುವುದಿಲ್ಲ. ಈ ಉಂಗುರವಾಗುವಿಕೆಯನ್ನು ತಪ್ಪಿಸಲೆಂದೇ ಮಾತ್ರೆ ತಯಾರಿಸುವವರು ಆಮ್ಲವನ್ನು ಕ್ಯಾಲ್ಸಿಯಂ ಅಥವಾ ಪೊಟ್ಯಾಸಿಯಂ ಲವಣವಾಗಿ ಮಾಡಿಡುತ್ತಾರೆ. ನಿಮ್ಮ ಅಡುಗೆಮನೆಯ ಕಪ್ಪು ಸಿಪ್ಪೆ ಮತ್ತು ಡಬ್ಬಿಯ ಬಿಳಿ ಪುಡಿ, ಹುಟ್ಟಿದ ಮರ ಒಂದೇ ಆದರೂ, ರಾಸಾಯನಿಕವಾಗಿ ಒಂದೇ ವಸ್ತುವಲ್ಲ.

ಬೊಜ್ಜಿನ ಮಾತು ಬಂದದ್ದು ಮೈಸೂರಿನಲ್ಲಿ ಈ ಆಮ್ಲವನ್ನು ಗುರುತಿಸಿದ ನಾಲ್ಕು ವರ್ಷಕ್ಕೆ. ನಾವು ತಿಂದ ಅನ್ನ, ಸಕ್ಕರೆಗಳಲ್ಲಿ ಹೆಚ್ಚಾದದ್ದನ್ನು ಜೀವಕೋಶವು ಸಿಟ್ರೇಟ್ (ಸಿಟ್ರಿಕ್ ಆಮ್ಲದ ಲವಣ) ರೂಪದಲ್ಲಿ, ತನ್ನೊಳಗಿನ ಶಕ್ತಿಯ ಕೇಂದ್ರವಾದ ಮೈಟೊಕಾಂಡ್ರಿಯದಿಂದ ಹೊರಗೆ ಕಳಿಸುತ್ತದೆ. ಎಟಿಪಿ ಸಿಟ್ರೇಟ್ ಲಯೇಸ್ ಎಂಬ ಕಿಣ್ವ ಅದನ್ನು ಒಡೆಯುತ್ತದೆ. ಒಡೆದಾಗ ಸಿಗುವ ಚೂರಿನಿಂದ ಕೊಬ್ಬು, ಕೊಲೆಸ್ಟರಾಲ್‌ಗಳು ತಯಾರಾಗುತ್ತವೆ. ಹೈಡ್ರಾಕ್ಸಿಸಿಟ್ರಿಕ್ ಆಮ್ಲ ನೋಡಲು ಸಿಟ್ರೇಟಿನ ಹಾಗೆಯೇ ಇರುವುದರಿಂದ ಆ ಕಿಣ್ವದಲ್ಲಿ ಸಿಟ್ರೇಟ್ ಕೂರಬೇಕಾದ ಜಾಗದಲ್ಲಿ ತಾನು ಕುಳಿತು ಕೆಲಸವನ್ನು ತಡೆಯುತ್ತದೆ ಎಂದು ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಲೋವನ್‌ಸ್ಟೈನ್ ಮತ್ತು ಸಂಗಡಿಗರು 1969ರಲ್ಲಿ ಪ್ರಕಟಿಸಿದರು. ಸಕ್ಕರೆಯೇ ಪ್ರಧಾನವಾದ ಆಹಾರ ತಿನ್ನಿಸಿದ ಇಲಿಗಳಲ್ಲಿ ಕೊಬ್ಬಿನ ತಯಾರಿಕೆ ನಿಜವಾಗಿಯೂ ಕುಗ್ಗಿತು, ಇಲಿಗಳು ತಿನ್ನುವುದೂ ಕಡಿಮೆಯಾಯಿತು. ನೀವು ಕೇಳಿದ ವಿಜ್ಞಾನದ ಆಧಾರ ಎಂದರೆ ಇದು. ಇದರಲ್ಲಿ ಸುಳ್ಳೇನೂ ಇಲ್ಲ, ಜಾಹೀರಾತಿನವರು ಇದನ್ನು ಕಟ್ಟಿಕೊಂಡು ಬಂದಿಲ್ಲ.

ಆದರೆ ಇಲಿಯ ಮಾತನ್ನು ಮನುಷ್ಯನಿಗೆ ಹಾಗೆಯೇ ಹೊಂದಿಸಲಾಗದು. ಎಣ್ಣೆ, ತುಪ್ಪ, ತೆಂಗಿನಕಾಯಿಗಳನ್ನೂ ಸೇರಿಸಿ ಉಣ್ಣುವ ನಮ್ಮ ಮೈಯಲ್ಲಿ ಶೇಖರವಾಗುವ ಕೊಬ್ಬಿನ ಬಹುಪಾಲು ಬರುವುದು ಊಟದ ಕೊಬ್ಬಿನಿಂದಲೇ. ಸಕ್ಕರೆಯನ್ನು ಹೊಸದಾಗಿ ಕೊಬ್ಬಾಗಿಸುವ ಕಾರ್ಖಾನೆ ನಮ್ಮಲ್ಲಿ ಸಾಮಾನ್ಯವಾಗಿ ನಿಧಾನವಾಗಿಯೇ ನಡೆಯುತ್ತಿರುತ್ತದೆ. ಆ ಕಾರ್ಖಾನೆಯ ಬಾಗಿಲನ್ನೇ ಮುಚ್ಚಿದರೂ ಊಟದ ಎಣ್ಣೆ ಬೇರೆ ಬಾಗಿಲಿನಿಂದ ಒಳಗೆ ಬರುತ್ತಲೇ ಇರುತ್ತದೆ.

ನೋಡಿಯೇ ತೀರ್ಮಾನಿಸೋಣವೆಂದು ನ್ಯೂಯಾರ್ಕಿನಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂತು. ತೂಕ ಹೆಚ್ಚಿದ್ದ 135 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 1,500 ಮಿಲಿಗ್ರಾಂ ಹೈಡ್ರಾಕ್ಸಿಸಿಟ್ರಿಕ್ ಆಮ್ಲವಿರುವ ಮಾತ್ರೆಯನ್ನೂ ಇನ್ನೊಂದಕ್ಕೆ ಏನೂ ಇಲ್ಲದ ಹುಸಿ ಮಾತ್ರೆಯನ್ನೂ 12 ವಾರ ಕೊಟ್ಟರು. ಯಾರಿಗೆ ಯಾವುದು ಎಂಬುದು ಕೊಟ್ಟವರಿಗೂ ತಿಳಿದಿರಲಿಲ್ಲ, ತಿಂದವರಿಗೂ ತಿಳಿದಿರಲಿಲ್ಲ. ಎರಡೂ ಗುಂಪಿಗೆ ನಾರಿನಂಶ ಹೆಚ್ಚಿರುವ, ಕ್ಯಾಲೊರಿ ಕಡಿಮೆಯಿರುವ ಊಟ. ಕೊನೆಗೆ ಉಪ್ಪಾಗೆಯ ಗುಂಪಿನವರು ಸರಾಸರಿ 3.2 ಕೆ.ಜಿ. ಇಳಿದರು, ಹುಸಿ ಮಾತ್ರೆಯವರು 4.1 ಕೆ.ಜಿ. ಇಳಿದರು! ಈ ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದಾದಷ್ಟು ಚಿಕ್ಕದು, ಆದ್ದರಿಂದ ಹುಸಿ ಮಾತ್ರೆಯೇ ಮೇಲೆಂದು ನಗಬೇಕಾಗಿಲ್ಲ. ಇಳಿಸಿದ್ದು ಊಟದ ಪಥ್ಯ ಎಂಬುದಂತೂ ಸ್ಪಷ್ಟ. 2011ರಲ್ಲಿ ಇಂಗ್ಲೆಂಡಿನ ಸಂಶೋಧಕರು ಇಂಥ ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದಾಗ ಮಾತ್ರೆಯ ಪಾಲಿಗೆ ಬಂದದ್ದು ಸುಮಾರು 0.88 ಕೆ.ಜಿ.; ಕಟ್ಟುನಿಟ್ಟಾಗಿ ನಡೆಸಿದ ಪ್ರಯೋಗಗಳನ್ನಷ್ಟೇ ಉಳಿಸಿಕೊಂಡು ನೋಡಿದಾಗ ಅದೂ ಗಟ್ಟಿಯಾಗಿ ನಿಲ್ಲಲಿಲ್ಲ. ಇಷ್ಟೆಲ್ಲ ಆದ ಮೇಲೂ ಅಮೆರಿಕದ ಟಿವಿ ವೈದ್ಯ ಡಾ. ಆಜ್ ಇದನ್ನು ಹೊಗಳಿದಾಗ ಬೇಡಿಕೆ ಏರಿತು. 2014ರಲ್ಲಿ ಅಲ್ಲಿನ ಸೆನೆಟ್ ಸಮಿತಿ ಅವರನ್ನು ಕರೆಸಿ ಇಂಥ ಹೊಗಳಿಕೆಗಳ ಬಗ್ಗೆಯೇ ಪ್ರಶ್ನಿಸಿತು. (ತೊಂಬತ್ತರ ದಶಕದಲ್ಲಿ ಈ ಬೇಡಿಕೆಯ ಬಿಸಿ ನಮ್ಮ ಕಾಡಿಗೂ ತಟ್ಟಿತ್ತು. ಹಣ್ಣಾಗುವ ತನಕ ಕಾಯದೆ ಕಾಯಿಯನ್ನೇ ಕೊಯ್ದು, ಟೊಂಗೆ ಕಡಿದು, ಒಣಗಿಸಲು ರಾಶಿ ರಾಶಿ ಕಟ್ಟಿಗೆ ಸುಟ್ಟ ಆ ದಿನಗಳ ಬಗ್ಗೆ ನನಗೆ ಇಂದಿಗೂ ಸಿಟ್ಟಿದೆ.)

ಈಗ ‘ಏನಾದೀತು’ ಎಂಬ ಮಾತಿಗೆ ಬರುತ್ತೇನೆ, ಏಕೆಂದರೆ ನಿಮ್ಮ ತಾಯಿಯವರ ವಿಷಯದಲ್ಲಿ ತೂಕಕ್ಕಿಂತ ಮುಖ್ಯವಾದದ್ದು ಇದು. ಹೈಡ್ರಾಕ್ಸಿಕಟ್ ಎಂಬ ಹೆಸರಿನ ತೂಕ ಇಳಿಸುವ ಮಾತ್ರೆಗಳನ್ನು ಬಳಸಬೇಡಿ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2009ರ ಮೇ ತಿಂಗಳಲ್ಲಿ ಎಚ್ಚರಿಸಿತು. ತೀವ್ರ ತೊಂದರೆಯ 23 ವರದಿಗಳು ಬಂದಿದ್ದವು, ಒಬ್ಬರು ತೀರಿಕೊಂಡಿದ್ದರು. ಅವುಗಳಲ್ಲಿ ಹಲವು ಪದಾರ್ಥಗಳ ಮಿಶ್ರಣವಿದ್ದುದರಿಂದ ಉಪ್ಪಾಗೆಯೊಂದನ್ನೇ ದೂರುವಂತಿರಲಿಲ್ಲ. ಆದರೆ ಔಷಧಗಳಿಂದ ಯಕೃತ್ತಿಗೆ ಆಗುವ ಹಾನಿಯನ್ನು ದಾಖಲಿಸುವ ಅಲ್ಲಿನ ವೈದ್ಯರು 2022ರಲ್ಲಿ ಉಪ್ಪಾಗೆ ಸಾರಕ್ಕೆ ಸಂಬಂಧಿಸಿದ 22 ಪ್ರಕರಣಗಳನ್ನು ವಿವರಿಸಿದರು. ಹೆಚ್ಚಿನವರು ಅದರೊಂದಿಗೆ ಗ್ರೀನ್ ಟೀ ಸಾರವನ್ನೂ ಸೇವಿಸಿದ್ದರು, ಕೆಲವರು ಇದನ್ನು ಮಾತ್ರ ಸೇವಿಸಿದ್ದರು. ಮಾತ್ರೆ ತಿನ್ನುವವರ ಸಂಖ್ಯೆಗೆ ಹೋಲಿಸಿದರೆ ಇದು ಅಪರೂಪದ ತೊಂದರೆಯೇ. ಆದರೂ ಇಳಿಯದ ತೂಕಕ್ಕಾಗಿ ಅಪರೂಪದ ಅಪಾಯವನ್ನಾದರೂ ಏಕೆ ತಲೆಯ ಮೇಲೆ ಎಳೆದುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ಹಾಗೆಂದು ಮೈಸೂರಿನಲ್ಲಿ ಗುರುತಿಸಿದ ಆ ಅಣು ನಿಷ್ಪ್ರಯೋಜಕವೆಂದು ನಾನು ಹೇಳಲಾರೆ. ಮೂತ್ರಪಿಂಡದ ಕಲ್ಲಿನ ಮುಖ್ಯ ವಸ್ತುವಾದ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳ ಬೆಳವಣಿಗೆಯನ್ನು ಅದು ತಡೆಯುತ್ತದೆ, ಕೆಲವು ಸಂದರ್ಭಗಳಲ್ಲಿ ಕರಗಿಸುತ್ತದೆ ಎಂದು ಹ್ಯೂಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದರು. ಅದೇ ಎಟಿಪಿ ಸಿಟ್ರೇಟ್ ಲಯೇಸ್ ಕಿಣ್ವವನ್ನು ಯಕೃತ್ತಿನಲ್ಲಿ ತಡೆಯುವ ಬೆಂಪೆಡೊಯಿಕ್ ಆಮ್ಲಕ್ಕೆ 2020ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಅದು ಕಾರ್ಖಾನೆಯಲ್ಲಿ ತಯಾರಿಸಿದ ಅಣು, ಅನುಮತಿ ಸಿಕ್ಕಿದ್ದು ಕೊಲೆಸ್ಟರಾಲ್ ಇಳಿಸಲು. ಆ ಕಿಣ್ವವನ್ನು ಗುರಿಯಾಗಿಸಿಕೊಂಡ ಔಷಧವೇ ಬೊಜ್ಜಿಗೆಂದು ಬಾರದೆ ಕೊಲೆಸ್ಟರಾಲಿಗೆ ಬಂತು ಎಂಬುದನ್ನು ನಿಮ್ಮ ತಾಯಿಯವರಿಗೆ ಹೇಳಿ ನೋಡಿ.

ಮಾತ್ರೆಯನ್ನು ನಿಲ್ಲಿಸಿ, ಡಬ್ಬಿಯನ್ನು ಎಸೆಯದೆ ಇಟ್ಟುಕೊಳ್ಳಿ. ಅವರು ಸಕ್ಕರೆ ಕಾಯಿಲೆಗೋ ಬೇರಾವುದಕ್ಕೋ ಔಷಧ ತೆಗೆದುಕೊಳ್ಳುತ್ತಿದ್ದರೆ ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಆ ಡಬ್ಬಿಯನ್ನೂ ಜೊತೆಗೊಯ್ಯಿರಿ. ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಊಟ ಸೇರದೆ ವಾಕರಿಕೆ ಶುರುವಾದರೆ ಮುಂದಿನ ಸಲಕ್ಕೆಂದು ಕಾಯದೆ ಅಂದೇ ಹೋಗಿ.

ಒಣ ಸಿಪ್ಪೆಯನ್ನು ಧಾರಾಳವಾಗಿ ಅಡುಗೆಗೆ ಬಳಸಿ. ನ್ಯೂಯಾರ್ಕಿನ ಪ್ರಯೋಗದ ಪ್ರಮಾಣ ಮುಟ್ಟಬೇಕಾದರೆ ಒಬ್ಬರೇ ದಿನವೂ 5ರಿಂದ 15 ಗ್ರಾಂ ಸಿಪ್ಪೆಯ ಹುಳಿಯನ್ನು ಪೂರ್ತಿಯಾಗಿ ಹೊಟ್ಟೆಗಿಳಿಸಬೇಕು. ಇಡೀ ಮನೆಗೆ ಮಾಡಿದ ಸಾರಿನ ಪಾತ್ರೆಯಲ್ಲಿ ಬಿದ್ದಿರುವ ಎರಡು ಚೂರಿನಿಂದ ಅದು ಆಗುವುದಿಲ್ಲ. ಬಳಸುವ ಮೊದಲು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ ಮೊದಲ ನೀರನ್ನು ಚೆಲ್ಲಿಬಿಡಿ, ಅಟ್ಟದ ಹೊಗೆಯ ಕಮಟು ಅದರೊಂದಿಗೆ ಹೋಗುತ್ತದೆ.