ಏಳು ವರ್ಷ ಜೊತೆಗಿದ್ದರೆ ಮದುವೆ ಆದ ಹಾಗೇನಾ?

ತಾಳಿ ಕಟ್ಟದೆ ಏಳು ವರ್ಷ ಒಟ್ಟಿಗಿದ್ದೀವಿ, ಕಾನೂನಿನ ಪ್ರಕಾರ ಗಂಡ ಹೆಂಡತಿ ಆದೆವಾ ಅಂತ ಕೇಳಿದ್ದೀರಿ. ಇಷ್ಟು ವರ್ಷ ಅನ್ನುವ ಲೆಕ್ಕವೇ ನಮ್ಮ ಕಾನೂನಿನಲ್ಲಿ ಇಲ್ಲ. ವರ್ಷ ಕಳೆದರೆ ಸಾಕು ಅಂತ ನಾನೂ ನಂಬಿಕೊಂಡಿದ್ದೆ.

ಮಾದಾಪುರದ ಕಡೆ ಕಾಫಿ ತೋಟವೊಂದರ ಲೈನ್ ಮನೆಯಲ್ಲಿ ಇದ್ದೆವು. ನನ್ನ ಜೊತೆ ಬಾಳಿದವರು ತೋಟದ ಜೀಪ್ ಓಡಿಸುತ್ತಿದ್ದರು, ನಾನು ಕೊಯ್ಲಿಗೆ ಹೋಗುತ್ತಿದ್ದೆ. ಜಾತಿ ಬೇರೆ, ಎರಡೂ ಮನೆಯವರು ಒಪ್ಪಲಿಲ್ಲ. ಲೈನಿನವರಿಗೆಲ್ಲ ನಾನು ಡ್ರೈವರ್ ಹೆಂಡತಿಯೇ. ಅವರು ತೀರಿಕೊಂಡ ಮೇಲೆ ಬ್ಯಾಂಕಿನಲ್ಲಿದ್ದ ದುಡ್ಡಿಗೆ ಅವರ ಅಣ್ಣ ತಕರಾರು ತೆಗೆದರು. ನಾನು ಹೆಂಡತಿಯೇ ಅಲ್ಲ ಅಂದರು.

ಬಹಳ ಕಾಲ ಗಂಡ ಹೆಂಡತಿಯಂತೆ ಬಾಳಿದವರನ್ನು ಮದುವೆಯಾದವರು ಅಂತಲೇ ಕೋರ್ಟ್ ಭಾವಿಸಬಹುದು. ಅಲ್ಲ ಅನ್ನುವವರೇ ಅದನ್ನು ತೋರಿಸಬೇಕು. ಬದ್ರಿ ಪ್ರಸಾದ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1978ರಲ್ಲೇ ಹೀಗೆ ಹೇಳಿದೆ. ಅಲ್ಲಿ ದಂಪತಿ ಸುಮಾರು 50 ವರ್ಷ ಬಾಳಿದ್ದರು. ಆದರೆ ಎದುರು ಸಾಕ್ಷಿ ಗಟ್ಟಿಯಾಗಿದ್ದರೆ ಕೋರ್ಟಿನ ಈ ಊಹೆ ಬಿದ್ದುಹೋಗುತ್ತದೆ.

ನನ್ನನ್ನು ಹಿಂಡಿದ್ದು ರೇಷನ್ ಕಾರ್ಡ್. ನನ್ನ ಹೆಸರನ್ನು ಅಪ್ಪನ ಮನೆಯ ಕಾರ್ಡಿನಲ್ಲೇ ಬಿಟ್ಟಿದ್ದೆ. ತೆಗೆಸಿದರೆ ಅಮ್ಮನಿಗೆ ನನ್ನ ಪಾಲಿನ ಅಕ್ಕಿ ತಪ್ಪುತ್ತಿತ್ತು, ಅದಕ್ಕೆ. ನಮ್ಮವರ ಹೆಸರು ಅವರ ಅಣ್ಣನ ಮನೆಯ ಕಾರ್ಡಿನಲ್ಲಿತ್ತು. ವೋಟರ್ ಐಡಿಯಲ್ಲೂ ನನ್ನ ಹೆಸರಿನ ಕೆಳಗೆ ಅಪ್ಪನ ಹೆಸರು. ಎದುರು ವಕೀಲರು ಎರಡೂ ಕಾರ್ಡನ್ನು ಪಕ್ಕಪಕ್ಕ ಇಟ್ಟು, ಒಂದೇ ಮನೆಯವರು ಎರಡು ಕಾರ್ಡಿನಲ್ಲಿ ಯಾಕಮ್ಮ ಅಂದರು. ಅಕ್ಕಿಯ ವಿಷಯ ಹೇಳಿದೆ. ಅದು ಸಬೂಬಿನ ಹಾಗೆ ಕೇಳಿಸಿತು. ಕೇಸು ವರ್ಷಗಟ್ಟಲೆ ಎಳೆದದ್ದು ಇದೊಂದಕ್ಕೇ. ಕೊನೆಗೆ ಕೈಹಿಡಿದದ್ದು ಮಗಳ ಹೆರಿಗೆಯ ಆಸ್ಪತ್ರೆ ಫಾರಂ. ಸಂಬಂಧ ಅನ್ನುವ ಕಡೆ ಅವರೇ ನೀಲಿ ಪೆನ್ನಿನಲ್ಲಿ ‘ಗಂಡ’ ಅಂತ ಬರೆದು ಸಹಿ ಹಾಕಿದ್ದರು. ತೋಟದ ಲೆಕ್ಕ ಬರೆಯುವ ರೈಟರ್ ಕೂಡ ಬಂದು ಸಾಕ್ಷಿ ಹೇಳಿದರು.

ಹಾಗಾಗಿ ವರ್ಷ ಎಣಿಸುವುದನ್ನು ಬಿಡಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಮದುವೆಯಂಥ ಸಂಬಂಧದಲ್ಲಿರುವ ಹೆಂಗಸಿಗೂ ರಕ್ಷಣೆ, ಜೀವನಾಂಶ ಕೊಡುತ್ತದೆ, ನಿಜ. ಆಸ್ತಿಯಲ್ಲಿ ಹೆಂಡತಿಯ ಪಾಲು ಅದರಿಂದ ಬರುವುದಿಲ್ಲ. ಇಬ್ಬರಲ್ಲಿ ಒಬ್ಬರಿಗೆ ಡೈವೋರ್ಸ್ ಆಗದ ಹಳೆಯ ಮದುವೆ ಇದ್ದರಂತೂ ಎಷ್ಟು ವರ್ಷ ಜೊತೆಗಿದ್ದರೂ ಅದು ಮದುವೆ ಆಗಲ್ಲ.

ಅಂಥ ತೊಡಕಿಲ್ಲ ಅಂದರೆ ವಿಶೇಷ ವಿವಾಹ ಕಾಯ್ದೆಯಲ್ಲಿ, ಅಂದರೆ ಶಾಸ್ತ್ರವಿಲ್ಲದೆ ವಿವಾಹ ಅಧಿಕಾರಿಯ ಎದುರು, ಮದುವೆಯಾಗಿ. ಸುಮ್ನೆ ಹಿಂದೂ ಮದುವೆ ಅಂತ ಸರ್ಟಿಫಿಕೇಟ್ ಮಾತ್ರ ಮಾಡಿಸಬೇಡಿ. ಶಾಸ್ತ್ರ ನಡೆಯದಿದ್ದರೆ ಅದು ನಿಲ್ಲಲ್ಲ ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ವಿಶೇಷ ವಿವಾಹಕ್ಕೆ ನಿಮ್ಮಲ್ಲಿ ಒಬ್ಬರಾದರೂ ನೋಟಿಸ್ ಕೊಡುವ ಜಿಲ್ಲೆಯಲ್ಲಿ 30 ದಿನದಿಂದ ಇದ್ದಿರಬೇಕು. ನೋಟಿಸ್ ಹಾಕಿದ ಮೇಲೆ ಮತ್ತೆ 30 ದಿನ ಕಾಯಬೇಕು. ಕಚೇರಿಯ ಬೋರ್ಡಿನಲ್ಲಿ ಹೆಸರು ನೋಡಿ ಮನೆಯವರು ಗಲಾಟೆ ಮಾಡಬಹುದು. ಮಾಡಲಿ. ಈಗಿನ ಗಲಾಟೆಗೆ ಉತ್ತರ ಕೊಡಲು ನೀವಿಬ್ಬರೂ ಇರುತ್ತೀರಿ, ಅಲ್ವಾ? ಮದುವೆ ದಿನಕ್ಕೆ ಮೂವರು ಸಾಕ್ಷಿಗಳು ಬೇಕು. ಇವತ್ತೇ ಹೇಳಿಡಿ.