ರಿಲೀವರ್ ಬೇಕೆಂದರೆ ಹುಡುಗನನ್ನು ಕೊಡಬೇಕೇ? ಬೇಸ್‌ಬಾಲ್ ಓದುಗರ ಪ್ರಶ್ನೋತ್ತರ

ಜುಲೈ ಕೊನೆಯಾಗುತ್ತಿದ್ದಂತೆ ಅಮೆರಿಕದ ಮೇಜರ್ ಲೀಗ್‌ನಲ್ಲಿ ಆಟಗಾರರ ವಿನಿಮಯದ ಗಡುವು ಬರುತ್ತದೆ. ಅಲ್ಲಿ ನೆಲೆಸಿರುವ ಕನ್ನಡಿಗರು, ಇಲ್ಲಿಂದಲೇ ನಿದ್ದೆಗೆಟ್ಟು ಆಟ ನೋಡುವವರು, ಇಬ್ಬರೂ ಈ ಸಲ ಕೇಳಿರುವುದು ಬಹುಮಟ್ಟಿಗೆ ಒಂದೇ ವಿಷಯ: ಮೈನರ್ ಲೀಗ್‌ನಲ್ಲಿ ಬೆಳೆಯುತ್ತಿರುವ ಪ್ರತಿಭಾವಂತ ಹುಡುಗನನ್ನು, ಅಂದರೆ ಪ್ರಾಸ್ಪೆಕ್ಟನ್ನು ಬಿಟ್ಟುಕೊಟ್ಟು, ಕೊನೆಯ ಇನಿಂಗ್ಸ್‌ಗಳಲ್ಲಿ ಎಸೆಯುವ ರಿಲೀಫ್ ಪಿಚರ್‌ನನ್ನು, ಅಂದರೆ ರಿಲೀವರ್‌ನನ್ನು ತರುವುದು ಸರಿಯೇ?

ಪ್ರಶ್ನೆ: ಐಪಿಎಲ್‌ನಲ್ಲಿ 2023ರ ನವೆಂಬರ್‌ನಲ್ಲಿ ಆರ್‌ಸಿಬಿ 17.5 ಕೋಟಿ ರೂಪಾಯಿ ಲೆಕ್ಕದಲ್ಲಿ ಕ್ಯಾಮರೂನ್ ಗ್ರೀನ್‌ನನ್ನು ಮುಂಬೈನಿಂದ ತಂದಿತು. ಆಟಗಾರರ ಬದಲಾವಣೆಯೇ ಇರಲಿಲ್ಲ. ಬೇಸ್‌ಬಾಲ್‌ನಲ್ಲಿ ಯಾಕೆ ದುಡ್ಡಿಗೆ ಬದಲು ಹತ್ತೊಂಬತ್ತರ ಹುಡುಗರನ್ನು ಕೇಳುತ್ತಾರೆ? (ಬೆಂಗಳೂರು)

ಐಪಿಎಲ್‌ನಲ್ಲಿ ಕೆಲವು ವರ್ಷಕ್ಕೊಮ್ಮೆ ದೊಡ್ಡ ಹರಾಜು ನಡೆದು ತಂಡಗಳು ಚದುರಿಹೋಗುತ್ತವೆ. ಹುಡುಗನನ್ನು ಐದಾರು ವರ್ಷ ಸಾಕಿ ಬೆಳೆಸಿದರೂ ಅವನು ನಿಮ್ಮಲ್ಲೇ ಉಳಿಯುತ್ತಾನೆಂಬ ಖಾತರಿಯಿಲ್ಲ. ಮೇಜರ್ ಲೀಗ್‌ನಲ್ಲಿ ಹರಾಜೇ ಇಲ್ಲ. ಆಟಗಾರ ಮೇಜರ್ ಲೀಗ್‌ಗೆ ಬಂದ ಮೇಲೆ ಆರು ವರ್ಷಗಳ ಸೇವೆ ಮುಗಿಸುವವರೆಗೆ ಅವನ ಹಕ್ಕು ತಂಡದ್ದು. ಮೇಜರ್ ಲೀಗ್ ತಂಡದ ಪಟ್ಟಿಯಲ್ಲಿ 172 ದಿನ ಇದ್ದರೆ ಅದು ಒಂದು ವರ್ಷದ ಸೇವೆ. ಮೊದಲ ಮೂರು ವರ್ಷ ಹೆಚ್ಚೂಕಡಿಮೆ ಕನಿಷ್ಠ ವೇತನ (2025ರಲ್ಲಿ ಅದು 7,60,000 ಡಾಲರ್), ಆಮೇಲಿನ ಮೂರು ವರ್ಷ ಮಧ್ಯಸ್ಥಿಕೆಯಲ್ಲಿ ನಿಗದಿಯಾಗುವ ವೇತನ. ಅಷ್ಟು ಕಡಿಮೆ ಖರ್ಚಿನಲ್ಲಿ ಒಬ್ಬ ಒಳ್ಳೆಯ ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್ ನಡುವಿನ ಫೀಲ್ಡರ್) ಆರು ವರ್ಷ ಆಡಿದರೆ, ಉಳಿದ ದುಡ್ಡಿನಲ್ಲಿ ಇನ್ನೊಬ್ಬ ದೊಡ್ಡ ಆಟಗಾರನನ್ನು ಕೊಳ್ಳಬಹುದು. ಸೋಲುತ್ತಿರುವ ತಂಡ ಕೇಳುವುದು ಆ ಆರು ವರ್ಷಗಳನ್ನೇ.

ಪ್ರಶ್ನೆ: 2016ರಲ್ಲಿ ಕಬ್ಸ್ ತಂಡ ಆರಾಲ್ಡಿಸ್ ಚಾಪ್‌ಮನ್‌ಗಾಗಿ ಗ್ಲೇಬರ್ ಟೊರೆಸ್‌ನನ್ನು ಕೊಟ್ಟಿತು. ಟೊರೆಸ್ 2019ರಲ್ಲಿ ಯಾಂಕೀಸ್ ಪರ 38 ಹೋಮ್ ರನ್ ಹೊಡೆದ. ಇಲ್ಲಿನ ಗೆಳೆಯರ ಜೊತೆ ಇಂದಿಗೂ ಇದೇ ವಾದ. ನೀವೇನು ಹೇಳುತ್ತೀರಿ? (ಶಿಕಾಗೊ)

ಸರಿಯಾದ ವಿನಿಮಯ. ಬೆಲೆ ದುಬಾರಿ, ಆದರೂ ಸರಿ.

ಜುಲೈ 25ರಂದು ಕಬ್ಸ್ ಯಾಂಕೀಸ್‌ಗೆ ಕೊಟ್ಟದ್ದು ನಾಲ್ವರನ್ನು: ಟೊರೆಸ್, ಆಡಂ ವಾರೆನ್, ಬಿಲ್ಲಿ ಮೆಕಿನಿ, ರಶಾದ್ ಕ್ರಾಫರ್ಡ್. ಟೊರೆಸ್‌ಗೆ ಆಗ 19 ವರ್ಷ, ಮೈನರ್‌ನಲ್ಲಿ ಹೈ-ಎ ಮಟ್ಟದಲ್ಲಿದ್ದ (ಮೇಜರ್ ಲೀಗ್‌ಗಿಂತ ಮೂರು ಮೆಟ್ಟಿಲು ಕೆಳಗೆ). ಆತ ಆಡುವ ಶಾರ್ಟ್‌ಸ್ಟಾಪ್ ಜಾಗದಲ್ಲಿ ಕಬ್ಸ್‌ಗೆ 22ರ ಆಡಿಸನ್ ರಸೆಲ್ ಇದ್ದ, ಪಕ್ಕದಲ್ಲಿ 23ರ ಹಾವಿಯೆರ್ ಬಾಯೆಜ್. ಇಬ್ಬರೂ ವರ್ಷಗಟ್ಟಲೆ ಅಲ್ಲಿಂದ ಕದಲುವವರಲ್ಲ ಎಂಬುದು ಅಂದಿನ ಲೆಕ್ಕ. ತಂಡ ತನ್ನ ವಿಭಾಗದಲ್ಲಿ ಮುಂದಿತ್ತು, ಕೊನೆಗೆ 103 ಪಂದ್ಯ ಗೆದ್ದಿತು, 1908ರಿಂದ ಪ್ರಶಸ್ತಿ ಕಂಡಿರಲಿಲ್ಲ. ಒಂದು ಪ್ರಶಸ್ತಿಗಾಗಿ ಇಷ್ಟು ಹಂಬಲಿಸಿದ, ಅದಕ್ಕೆ ಇಷ್ಟು ಹತ್ತಿರವಿದ್ದ ಇನ್ನೊಂದು ತಂಡ ಆ ವರ್ಷ ಇರಲಿಲ್ಲ.

ಚಾಪ್‌ಮನ್ ಉಳಿದ ಸೀಸನ್‌ನಲ್ಲಿ ಎಸೆದದ್ದು 26 ಇನಿಂಗ್ಸ್ ಮತ್ತು ಎರಡು ಔಟ್ ಮಾತ್ರ, ಇಆರ್‌ಎ (ಒಂಬತ್ತು ಇನಿಂಗ್ಸ್‌ಗೆ ಬಿಟ್ಟುಕೊಟ್ಟ ಸರಾಸರಿ ರನ್) 1.01. ನಿಜವಾದ ಕೆಲಸ ನಡೆದದ್ದು ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನ ಕೊನೆಯ ನಾಲ್ಕು ದಿನಗಳಲ್ಲಿ. ಸರಣಿಯಲ್ಲಿ 1-3 ಹಿಂದಿದ್ದಾಗ ಐದನೇ ಪಂದ್ಯದಲ್ಲಿ ಅವನು ಎಂಟು ಔಟ್ ತೆಗೆದ, 42 ಎಸೆತ. ಆರನೆಯದರಲ್ಲಿ ಐದು ರನ್ ಮುನ್ನಡೆ ಇದ್ದಾಗಲೂ ಕರೆಸಿ 20 ಎಸೆತ ಹಾಕಿಸಿದರು. ಮರುದಿನ ಏಳನೇ ಪಂದ್ಯದ ಎಂಟನೇ ಇನಿಂಗ್ಸ್‌ನಲ್ಲಿ ಬಂದಾಗ ಸುಸ್ತಾಗಿದ್ದ: ಎದುರಾಳಿ ಕ್ಲೀವ್‌ಲ್ಯಾಂಡ್‌ನ ಬ್ರಾಂಡನ್ ಗಾಯರ್ ಡಬಲ್ (ಎರಡು ಬೇಸ್‌ನ ಹೊಡೆತ) ಹೊಡೆದು ಒಂದು ರನ್ ತಂದ, ರಜಾಯಿ ಡೇವಿಸ್ ಹೋಮ್ ರನ್ ಹೊಡೆದು 6-6 ಮಾಡಿದ. ಒಂಬತ್ತನೇ ಇನಿಂಗ್ಸ್ ಚಾಪ್‌ಮನ್ ರನ್ ಕೊಡದೆ ಮುಗಿಸಿದ, ಹತ್ತರಲ್ಲಿ ಕಬ್ಸ್ 8-7ರಿಂದ ಗೆದ್ದರು. ಅಂದು 35 ಎಸೆತ, ನಾಲ್ಕು ದಿನದಲ್ಲಿ ಒಟ್ಟು 97. ತಪ್ಪು ಹುಡುಕುವುದಾದರೆ ಅದು ಆರನೇ ಪಂದ್ಯದ ಆ 20 ಎಸೆತಗಳಲ್ಲಿದೆ, ಟೊರೆಸ್‌ನಲ್ಲಿ ಅಲ್ಲ. ದುಬಾರಿ ಬೆಲೆ ಕೊಟ್ಟು ತಂದ ತೋಳನ್ನು ಗೆಲ್ಲುತ್ತಿರುವ ಪಂದ್ಯದಲ್ಲಿ ವ್ಯರ್ಥ ಮಾಡಬಾರದಿತ್ತು.

ವಾದಕ್ಕೆ ಇನ್ನೊಂದು ಅಂಶ ಸೇರಿಸಿಕೊಳ್ಳಿ. ಚಾಪ್‌ಮನ್ ಆ ವರ್ಷ ಕೌಟುಂಬಿಕ ಹಿಂಸೆ ನೀತಿಯಡಿ 30 ಪಂದ್ಯಗಳ ಅಮಾನತು ಮುಗಿಸಿ ಬಂದಿದ್ದ. ಅಂಥವನನ್ನು ತಂದದ್ದು ಸರಿಯೇ ಎಂದು ಕೇಳುವವರ ಪ್ರಶ್ನೆಗೆ ಇಆರ್‌ಎ ಉತ್ತರವಾಗುವುದಿಲ್ಲ; ಅದನ್ನು ಬೇರೆಯಾಗಿಯೇ, ಗಂಭೀರವಾಗಿಯೇ ಚರ್ಚಿಸಬೇಕು. ವ್ಯವಹಾರದಲ್ಲಿ ಜಾಣತನ ತೋರಿದ್ದು ಯಾಂಕೀಸ್. ಡಿಸೆಂಬರ್‌ನಲ್ಲಿ ಅದೇ ಚಾಪ್‌ಮನ್‌ನನ್ನು ಐದು ವರ್ಷಕ್ಕೆ 8.6 ಕೋಟಿ ಡಾಲರ್ ಕೊಟ್ಟು ವಾಪಸ್ ಕರೆಸಿಕೊಂಡರು. ಟೊರೆಸ್ ಅವರ ಬಳಿಯೇ ಉಳಿದ.

ಪ್ರಶ್ನೆ: ನಮ್ಮ ತಂಡ ವೈಲ್ಡ್ ಕಾರ್ಡ್ (ವಿಭಾಗ ಗೆಲ್ಲದ ತಂಡಗಳಿಗೆ ಪ್ಲೇಆಫ್‌ಗೆ ದಾರಿ) ಸ್ಥಾನಕ್ಕಿಂತ ಮೂರು ಪಂದ್ಯ ಹಿಂದಿದೆ. ಸೀಸನ್ ಮುಗಿದೊಡನೆ ಫ್ರೀ ಏಜೆಂಟ್ (ಯಾವ ತಂಡಕ್ಕೂ ಹೋಗಬಲ್ಲ ಸ್ವತಂತ್ರ ಆಟಗಾರ) ಆಗುವ ಕ್ಲೋಸರ್‌ಗಾಗಿ, ಅಂದರೆ ಕೊನೆಯ ಇನಿಂಗ್ಸ್ ಎಸೆದು ಪಂದ್ಯ ಮುಗಿಸುವ ರಿಲೀವರ್‌ಗಾಗಿ ನಮ್ಮ ಮೂರನೇ ಅತ್ಯುತ್ತಮ ಪ್ರಾಸ್ಪೆಕ್ಟನ್ನು ಕೊಡಬಹುದೇ? ಲೆಕ್ಕ ಹಾಕುವುದು ಹೇಗೆ? (ಫೀನಿಕ್ಸ್)

ಕೊಡಬೇಡಿ. ಲೆಕ್ಕ ಹೀಗೆ.

ಗಡುವಿನ ದಿನಕ್ಕೆ 162ರಲ್ಲಿ ಸುಮಾರು 54 ಪಂದ್ಯ ಉಳಿದಿರುತ್ತವೆ, ಅಂದರೆ 486 ಇನಿಂಗ್ಸ್. ಹೊಸ ಕ್ಲೋಸರ್ ಎಸೆಯುವುದು ಹೆಚ್ಚೆಂದರೆ 24ರಿಂದ 26. ಒಟ್ಟಿನಲ್ಲಿ ಶೇ. 5. ಅವು ಬಿಗಿಯಾದ ಸಂದರ್ಭದ ಇನಿಂಗ್ಸ್‌ಗಳು, ಆದ್ದರಿಂದ ಪ್ರತಿಯೊಂದರ ತೂಕ ಎರಡರಷ್ಟು ಎಂದು ಧಾರಾಳವಾಗಿ ಹಿಡಿಯೋಣ. ಆದರೂ ಅವನು ಬರದಿದ್ದರೆ ಆ ಇನಿಂಗ್ಸ್‌ಗಳನ್ನು ಯಾರೂ ಎಸೆಯುವುದಿಲ್ಲ ಎಂದೇನೂ ಅಲ್ಲ. ಈಗ ಎಂಟನೇ ಇನಿಂಗ್ಸ್ ಎಸೆಯುತ್ತಿರುವವನು ಒಂಬತ್ತನೆಯದನ್ನು ಎಸೆಯುತ್ತಾನೆ. ಇಬ್ಬರ ನಡುವಿನ ಅಂತರವಷ್ಟೇ ನಿಮ್ಮ ಲಾಭ. ಎರಡು ತಿಂಗಳಲ್ಲಿ ಅದು ಒಂದು ಗೆಲುವಿನ ಆಸುಪಾಸು, ಬಹಳ ಅದೃಷ್ಟವಿದ್ದರೆ ಎರಡು. ಮೂರು ಪಂದ್ಯ ಹಿಂದಿರುವ ತಂಡವನ್ನು ಅದು ದಡ ಸೇರಿಸುವುದಿಲ್ಲ. ನಿಮಗೆ ಬ್ಯಾಟ್ಸ್‌ಮನ್ ಅಥವಾ ಸ್ಟಾರ್ಟರ್ (ಪಂದ್ಯ ಆರಂಭಿಸುವ ಪಿಚರ್) ಬೇಕಾಗಿರಬಹುದು, ಮೊದಲು ಅದನ್ನು ನೋಡಿ.

ವಿಭಾಗದಲ್ಲಿ ಏಳೆಂಟು ಪಂದ್ಯ ಮುಂದಿರುವ ತಂಡದ ಮಾತೇ ಬೇರೆ. ಅವರು ಕೊಳ್ಳುವುದು ಅಕ್ಟೋಬರನ್ನು. ಅಲ್ಲಿ ನಡುನಡುವೆ ಬಿಡುವಿನ ದಿನಗಳಿರುವುದರಿಂದ ಒಬ್ಬನೇ ರಿಲೀವರ್ ಎರಡೆರಡು ಇನಿಂಗ್ಸ್ ಎಸೆಯಬಹುದು, ಸ್ಟಾರ್ಟರ್‌ನನ್ನು ಐದನೇ ಇನಿಂಗ್ಸ್‌ನಲ್ಲೇ ತೆಗೆಯಬಹುದು. 2016ರಲ್ಲೇ ಕ್ಲೀವ್‌ಲ್ಯಾಂಡ್ ತಂಡ ಆಂಡ್ರ್ಯೂ ಮಿಲ್ಲರ್‌ನನ್ನು ಹೀಗೆ ಬಳಸಿತು, ಅವನು ಅಮೆರಿಕನ್ ಲೀಗ್ ಫೈನಲ್‌ನ ಶ್ರೇಷ್ಠ ಆಟಗಾರನಾದ. ಅವನ ಒಪ್ಪಂದ 2018ರವರೆಗೆ ಇತ್ತೆಂಬುದನ್ನೂ ಮರೆಯಬೇಡಿ. ಅವನಿಗಾಗಿ ಕ್ಲೀವ್‌ಲ್ಯಾಂಡ್ ಕೊಟ್ಟ ಹುಡುಗರಲ್ಲಿ ಮುಖ್ಯರಾದ ಕ್ಲಿಂಟ್ ಫ್ರೇಜಿಯರ್, ಜಸ್ಟಸ್ ಶೆಫೀಲ್ಡ್ ಇಬ್ಬರೂ ನಿರೀಕ್ಷಿಸಿದ ಮಟ್ಟಕ್ಕೆ ಏರಲಿಲ್ಲ. ಪ್ರಾಸ್ಪೆಕ್ಟ್ ಪಟ್ಟಿ ನೋಡಿ ಮೈಮರೆಯುವುದು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದ ಹಾಗೆ.

ಸೀಸನ್ ನಡುವೆ ಕೈಬದಲಾದ ಆಟಗಾರನಿಗೆ ಕ್ವಾಲಿಫೈಯಿಂಗ್ ಆಫರ್ (ಫ್ರೀ ಏಜೆಂಟ್ ಆಗಲಿರುವವನಿಗೆ ತಂಡ ಮುಂದಿಡುವ ಒಂದು ವರ್ಷದ ಒಪ್ಪಂದ) ಕೊಡುವಂತಿಲ್ಲ. ಹಾಗಾಗಿ ಅವನು ನವೆಂಬರ್‌ನಲ್ಲಿ ಬೇರೆ ತಂಡಕ್ಕೆ ಹೋದರೆ ಪರಿಹಾರವಾಗಿ ಡ್ರಾಫ್ಟ್ ಪಿಕ್ (ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸರದಿ) ಕೂಡ ಬರುವುದಿಲ್ಲ. ಎರಡು ತಿಂಗಳ ಬಾಡಿಗೆ ಎಂದರೆ ಪೂರ್ತಿ ಬಾಡಿಗೆಯೇ.

ಕೊಡಲೇಬೇಕಾದರೆ ಯಾರನ್ನು? ಪಟ್ಟಿಯ ಕ್ರಮಾಂಕ ನೋಡಬೇಡಿ, ನವೆಂಬರ್ ನೋಡಿ. 18 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನಲ್ಲಿ ಸೇರಿದ ಹುಡುಗನನ್ನು ಐದು ಸೀಸನ್ ಬಳಿಕ, 19 ಅಥವಾ ಅದಕ್ಕಿಂತ ಹೆಚ್ಚಿನ ವಯಸ್ಸಿನಲ್ಲಿ ಸೇರಿದವನನ್ನು ನಾಲ್ಕು ಸೀಸನ್ ಬಳಿಕ ನವೆಂಬರ್‌ನಲ್ಲಿ ತಂಡದ 40 ಜನರ ರಕ್ಷಿತ ಪಟ್ಟಿಗೆ ಸೇರಿಸಬೇಕು. ಇಲ್ಲದಿದ್ದರೆ ಡಿಸೆಂಬರ್‌ನ ರೂಲ್ 5 ಡ್ರಾಫ್ಟ್‌ನಲ್ಲಿ ಯಾರು ಬೇಕಾದರೂ 1,00,000 ಡಾಲರ್ ಕಟ್ಟಿ ಎತ್ತಿಕೊಳ್ಳಬಹುದು. ನಿಮ್ಮಲ್ಲಿ ಅಂಥವರು ಆರು ಜನ ಇದ್ದು ಜಾಗ ಮೂರೇ ಇದ್ದರೆ, ಉಳಿದ ಮೂವರ ಬೆಲೆ ಜುಲೈ ದಾಟಿದ ಮೇಲೆ ಇಳಿಯುತ್ತಾ ಹೋಗುತ್ತದೆ. ಅವರಲ್ಲಿ ಇಬ್ಬರನ್ನು ಕೊಟ್ಟು ಏಳನೇ ಇನಿಂಗ್ಸ್ ಎಸೆಯುವ ಸಾಧಾರಣ ರಿಲೀವರ್‌ನನ್ನು ತನ್ನಿ. ಸುದ್ದಿಯಾಗದ ಇಂಥ ವಿನಿಮಯಗಳೇ ಹೆಚ್ಚಿನ ಸಲ ಲಾಭ ತರುತ್ತವೆ.

ಪ್ರಶ್ನೆ: ಗಡುವಿನ ಹೊತ್ತಿಗೆ ರಿಲೀವರ್ ಒಬ್ಬನ ಇಆರ್‌ಎ 1.80 ಇದ್ದರೆ ಅಷ್ಟೇ ಸಾಕಲ್ಲವೇ? (ಮೈಸೂರು)

ಸಾಲದು. ರಿಲೀವರ್‌ನ ಇಆರ್‌ಎ ಬಹಳ ಚಂಚಲ. 40 ಇನಿಂಗ್ಸ್‌ನಲ್ಲಿ 8 ರನ್ ಕೊಟ್ಟವನ ಇಆರ್‌ಎ 1.80. ಆಗಸ್ಟ್‌ನ ಒಂದು ಕೆಟ್ಟ ರಾತ್ರಿ ಒಂದು ಇನಿಂಗ್ಸ್‌ನಲ್ಲಿ 4 ರನ್ ಹೋದರೆ ಅದು 2.63 ಆಗುತ್ತದೆ. ಎಸೆತಗಾರ ಅವನೇ, ತೋಳು ಅದೇ. ಬದಲಿಗೆ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್) ಶೇಕಡಾವಾರಿನಿಂದ ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಬಿಟ್ಟಿ ಬೇಸ್) ಶೇಕಡಾವಾರನ್ನು ಕಳೆಯಿರಿ. 20ಕ್ಕಿಂತ ಮೇಲಿದ್ದರೆ ಒಳ್ಳೆಯ ಸರಕು. 10ರ ಆಸುಪಾಸಿದ್ದು ಇಆರ್‌ಎ ಮಾತ್ರ ಚೆಂದ ಇದ್ದರೆ ಫೀಲ್ಡರ್‌ಗಳು ಕಾಪಾಡುತ್ತಿದ್ದಾರೆ ಎಂದರ್ಥ.

ಆಮೇಲೆ ವೇಗ. ಏಪ್ರಿಲ್‌ನ ಸರಾಸರಿಯನ್ನು ಜುಲೈನದರ ಜೊತೆ ಹೋಲಿಸಿ. ಗಂಟೆಗೆ ಒಂದೂವರೆ ಮೈಲಿ ಇಳಿದಿದ್ದರೆ ಕೈ ಬಿಡಿ; ಮೊಣಕೈ ಅಥವಾ ಭುಜದ ತೊಂದರೆ ಮೊದಲು ಕಾಣಿಸುವುದು ಅಲ್ಲೇ. ಮೊಣಕೈ ಲಿಗಮೆಂಟ್ ಹರಿದು ಶಸ್ತ್ರಚಿಕಿತ್ಸೆಯಾದರೆ ವರ್ಷದ ಮೇಲೆ ಆಟವಿಲ್ಲ. ಕೊನೆಯದಾಗಿ, 2020ರಿಂದ ಇರುವ ನಿಯಮದಂತೆ ಎಸೆಯಲು ಬಂದವನು ಕನಿಷ್ಠ ಮೂವರು ಬ್ಯಾಟರ್‌ಗಳಿಗೆ ಎಸೆಯಬೇಕು ಅಥವಾ ಇನಿಂಗ್ಸ್ ಮುಗಿಸಬೇಕು. ಹಾಗಾಗಿ ಎಡಗೈ ಬ್ಯಾಟರ್‌ಗಳಿಗೆ ಮಾತ್ರ ಸಿಂಹಸ್ವಪ್ನವಾಗಿರುವ ಎಡಗೈ ಪಿಚರ್‌ಗೆ ಹಿಂದಿನ ಬೆಲೆ ಇಲ್ಲ. ಬಲಗೈ ಬ್ಯಾಟರ್‌ಗಳ ಎದುರು ಅವನ ಅಂಕಿಅಂಶವನ್ನು ಕೇಳಿ ಪಡೆಯಿರಿ.

ಪ್ರಶ್ನೆ: ಇಂಥ ವಿನಿಮಯಗಳಲ್ಲಿ ಅತ್ಯಂತ ಕೆಟ್ಟದ್ದು ಯಾವುದು? ಏನು ತಪ್ಪಾಯಿತು? (ಸಿಯಾಟಲ್)

ಅಂಥವುಗಳ ಪಟ್ಟಿಯಲ್ಲಿ ನಿಮ್ಮೂರಿನದು ಬಹಳ ಮೇಲೆಯೇ ಇದೆ. 1997ರ ಜುಲೈ 31ರಂದು ಮ್ಯಾರಿನರ್ಸ್ ತಂಡ ಹೀತ್‌ಕ್ಲಿಫ್ ಸ್ಲೋಕಂಬ್ ಎಂಬ ರಿಲೀವರ್‌ಗಾಗಿ ಜೇಸನ್ ವಾರಿಟೆಕ್ ಮತ್ತು ಡೆರಿಕ್ ಲೋ ಇಬ್ಬರನ್ನೂ ರೆಡ್ ಸಾಕ್ಸ್‌ಗೆ ಕೊಟ್ಟಿತು. ಸ್ಲೋಕಂಬ್‌ನ ಇಆರ್‌ಎ ಆಗ 5ರ ಮೇಲಿತ್ತು. ತಂಡದ ಬುಲ್‌ಪೆನ್ (ರಿಲೀವರ್‌ಗಳ ಬಳಗ) ದಿನಾ ಪಂದ್ಯ ಕೈಚೆಲ್ಲುತ್ತಿದ್ದಾಗ ಗಡುವಿನ ಕೊನೆಯ ಗಂಟೆಗಳಲ್ಲಿ ಆದ ವ್ಯಾಪಾರ ಅದು. ಸಿಯಾಟಲ್ ಮೊದಲ ಸುತ್ತಿನಲ್ಲೇ ಓರಿಯೋಲ್ಸ್‌ಗೆ ಸೋತಿತು. 2004ರಲ್ಲಿ ರೆಡ್ ಸಾಕ್ಸ್ ಗೆದ್ದಾಗ ಮೂರೂ ಸರಣಿಗಳ ನಿರ್ಣಾಯಕ ಪಂದ್ಯ ಲೋ ಹೆಸರಿನಲ್ಲಿತ್ತು, ಕ್ಯಾಚರ್ ವಾರಿಟೆಕ್.

ಆದರೆ ಕಲಿಯಲು ಹೆಚ್ಚಿರುವುದು 1990ರದರಲ್ಲಿ. ಆಗ ಪೆಟ್ಟು ತಿಂದವರು ಅದೇ ರೆಡ್ ಸಾಕ್ಸ್. ಆಗಸ್ಟ್ ಕೊನೆಯಲ್ಲಿ ಲ್ಯಾರಿ ಆಂಡರ್ಸನ್ ಎಂಬ ಹಿರಿಯ ರಿಲೀವರ್‌ಗಾಗಿ ಜೆಫ್ ಬ್ಯಾಗ್ವೆಲ್‌ನನ್ನು ಹ್ಯೂಸ್ಟನ್‌ಗೆ ಕೊಟ್ಟರು. ಆಂಡರ್ಸನ್ ಕೆಟ್ಟದಾಗಿ ಆಡಲಿಲ್ಲ: 22 ಇನಿಂಗ್ಸ್, ಇಆರ್‌ಎ 1.23. ತಂಡ ವಿಭಾಗವನ್ನೂ ಗೆದ್ದಿತು, ಓಕ್ಲಂಡ್ ಎದುರು 0-4ರಿಂದ ಸೋತಿತು, ಆಂಡರ್ಸನ್ ಫ್ರೀ ಏಜೆಂಟ್ ಆಗಿ ಹೊರಟ. ಬ್ಯಾಗ್ವೆಲ್ ಮರುವರ್ಷವೇ ನ್ಯಾಷನಲ್ ಲೀಗ್‌ನ ಶ್ರೇಷ್ಠ ಹೊಸಬ, 1994ರಲ್ಲಿ ಅತ್ಯಮೂಲ್ಯ ಆಟಗಾರ, 449 ಹೋಮ್ ರನ್, 2017ರಲ್ಲಿ ಹಾಲ್ ಆಫ್ ಫೇಮ್.

ಅವನನ್ನು ಯಾಕೆ ಬಿಟ್ಟರು? ಅವನಾಗ ಥರ್ಡ್ ಬೇಸ್ ಆಡುತ್ತಿದ್ದ, ಮೇಲೆ, ರೆಡ್ ಸಾಕ್ಸ್‌ನ ಮುಖ್ಯ ತಂಡದಲ್ಲಿ, ಆ ಜಾಗಕ್ಕೆ ವೇಡ್ ಬಾಗ್ಸ್ ಇದ್ದ. ಮೈನರ್‌ನಲ್ಲಿ ಸರಾಸರಿ .333 ಇದ್ದರೂ ಹೋಮ್ ರನ್ ನಾಲ್ಕೇ. ಆ ನಾಲ್ಕನ್ನು ಕಂಡವರು 34 ಡಬಲ್‌ಗಳನ್ನು ಗಮನಿಸಲಿಲ್ಲ. ಅವನ ತವರು ಮೈದಾನ ನ್ಯೂ ಬ್ರಿಟನ್ ಹೋಮ್ ರನ್‌ಗೆ ಕಷ್ಟದ ಜಾಗ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ. ಹ್ಯೂಸ್ಟನ್ ಅವನನ್ನು ಫಸ್ಟ್ ಬೇಸ್‌ಗೆ ಸರಿಸಿತು, ಅಡ್ಡಿಯೇ ಇಲ್ಲವಾಯಿತು. ದಾರಿ ಮುಚ್ಚಿದೆ ಎಂದು ಹುಡುಗನನ್ನು ಕೊಡುವ ಮುನ್ನ ಬೇರೆ ಜಾಗದಲ್ಲಿ ಆಡಬಲ್ಲನೇ ಎಂದು ಕೇಳಬೇಕು. ಟೊರೆಸ್ ವಿಷಯದಲ್ಲಿ ಶಾರ್ಟ್‌ಸ್ಟಾಪ್, ಸೆಕೆಂಡ್ ಬೇಸ್ ಎರಡೂ ತುಂಬಿದ್ದವು, ಇಲ್ಲಿ ಹಾಗಿರಲಿಲ್ಲ.

ಪ್ರಶ್ನೆ: 2025ರಲ್ಲಿ ಪಾಡ್ರೆಸ್ ತಂಡ ಮೇಸನ್ ಮಿಲ್ಲರ್‌ಗಾಗಿ 18ರ ಲಿಯೊ ಡಿ ವ್ರೀಸ್‌ನನ್ನು ಕೊಟ್ಟಿದ್ದು ಹುಚ್ಚುತನವಲ್ಲವೇ? (ಸ್ಯಾನ್ ಹೊಸೆ)

ಹುಚ್ಚುತನವಲ್ಲ, ಆದರೂ ನಮಗೆ ಒಪ್ಪಿಗೆಯಿಲ್ಲ. ಮಿಲ್ಲರ್ ಬಾಡಿಗೆಯವನಲ್ಲ, 2029ರವರೆಗೆ ತಂಡದ ಹಕ್ಕಿನಲ್ಲಿದ್ದಾನೆ. ಎಸೆತ ಗಂಟೆಗೆ 100 ಮೈಲಿ, ಅಂದರೆ 161 ಕಿ.ಮೀ. ದಾಟುತ್ತದೆ. ಜೊತೆಗೆ ಸ್ಟಾರ್ಟರ್ ಜೆಪಿ ಸಿಯರ್ಸ್ ಕೂಡ ಬಂದ. ಕೊಟ್ಟದ್ದು ಡಿ ವ್ರೀಸ್ ಮತ್ತು ಇನ್ನೂ ಮೂವರು ಪಿಚರ್‌ಗಳನ್ನು. ಅದೇ ವಾರ ಫಿಲಡೆಲ್ಫಿಯಾ ತಂಡ 2027ರವರೆಗೆ ಹಕ್ಕಿದ್ದ ಯೊವಾನ್ ಡುರಾನ್‌ಗಾಗಿ ಮಿಕ್ ಆಬೆಲ್ ಮತ್ತು ಎಳೆಯ ಕ್ಯಾಚರ್ ಎಡ್ವಾರ್ಡೊ ಟೈಟ್ ಇಬ್ಬರನ್ನು ಕೊಟ್ಟಿತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಫಿಲಡೆಲ್ಫಿಯಾದ್ದೇ ಹದವಾದ ಬೆಲೆ. ಅಷ್ಟು ವೇಗದಲ್ಲಿ ಎಸೆಯುವ ತೋಳು ನಾಲ್ಕು ವರ್ಷ ಗಟ್ಟಿಯಾಗಿರುತ್ತದೆ ಎಂದು ನಂಬಿ, ಎರಡೂ ಕಡೆಯಿಂದ ಬ್ಯಾಟ್ ಬೀಸುವ ಶಾರ್ಟ್‌ಸ್ಟಾಪ್‌ನನ್ನು ಕೊಡಲು ನಮಗೆ ಧೈರ್ಯ ಬರುವುದಿಲ್ಲ. ಮಿಲ್ಲರ್‌ನನ್ನು ಮುಂದೆ ಸ್ಟಾರ್ಟರ್ ಆಗಿ ಬಳಸಿದರೆ ಮಾತ್ರ ಲೆಕ್ಕ ಬದಲಾಗಬಹುದು.

ಪ್ರಶ್ನೆ: ಗೆಲ್ಲುತ್ತಿರುವ ತಂಡವೇ ತನ್ನ ಕ್ಲೋಸರ್‌ನನ್ನು ಮಾರಬಹುದೇ? (ಹುಬ್ಬಳ್ಳಿ)

ಬ್ರೂವರ್ಸ್ ಮಾರಿದರು. 2022ರ ಆಗಸ್ಟ್ 1ರಂದು ವಿಭಾಗದಲ್ಲಿ ಮುಂದಿರುವಾಗಲೇ ಜಾಶ್ ಹೇಡರ್‌ನನ್ನು ಪಾಡ್ರೆಸ್‌ಗೆ ಕೊಟ್ಟರು. ಕೊನೆಗೆ ಒಂದೇ ಒಂದು ಗೆಲುವಿನ ಅಂತರದಲ್ಲಿ ಪ್ಲೇಆಫ್ ತಪ್ಪಿತು, ಅಭಿಮಾನಿಗಳ ಸಿಟ್ಟು ನ್ಯಾಯವಾದದ್ದೇ. ಆದರೆ ಬಂದವರಲ್ಲಿ ಒಬ್ಬನಾದ ಎಸ್ಟೆಯುರಿ ರುಯಿಸ್‌ನನ್ನು ಡಿಸೆಂಬರ್‌ನಲ್ಲಿ ಮೂರು ತಂಡಗಳ ವಿನಿಮಯದಲ್ಲಿ ಬಿಟ್ಟುಕೊಟ್ಟು ಕ್ಯಾಚರ್ ವಿಲಿಯಂ ಕೊಂಟ್ರೆರಾಸ್‌ನನ್ನು ಪಡೆದರು. ಆ ಒಂದು ಹೆಜ್ಜೆಯಿಂದ ಇಡೀ ವ್ಯವಹಾರ ಅವರ ಪಾಲಿಗೆ ಲಾಭವಾಯಿತು.

ಪ್ರಶ್ನೆ: ಈ ಜುಲೈನಲ್ಲೇ ಡ್ರಾಫ್ಟ್ ಆದ ಹುಡುಗನನ್ನು ಇದೇ ಗಡುವಿನಲ್ಲಿ ಕೊಡಬಹುದೇ? (ಡಲ್ಲಾಸ್)

ಆಗುವುದಿಲ್ಲ. ವರ್ಲ್ಡ್ ಸೀರೀಸ್ ಮುಗಿಯುವವರೆಗೆ ಕಾಯಬೇಕು. 2015ಕ್ಕೆ ಮುಂಚೆ ಪೂರ್ತಿ ಒಂದು ವರ್ಷ ಕಾಯಬೇಕಿತ್ತು. ಟ್ರೇ ಟರ್ನರ್ ಎಂಬ ಹೊಸ ಆಟಗಾರ ವಿನಿಮಯ ಗೊತ್ತಾದ ಮೇಲೂ ತಿಂಗಳುಗಟ್ಟಲೆ ಹಳೆಯ ತಂಡದಲ್ಲೇ ಆಡಬೇಕಾಗಿ ಬಂದಾಗ ನಿಯಮ ಬದಲಾಯಿತು. ಡ್ರಾಫ್ಟ್ ಪಿಕ್‌ಗಳನ್ನೂ ಕೊಡುವಂತಿಲ್ಲ, ಕಾಂಪಿಟಿಟಿವ್ ಬ್ಯಾಲೆನ್ಸ್ ಸುತ್ತಿನವುಗಳಿಗೆ (ಸಣ್ಣ ಊರು, ಕಡಿಮೆ ಆದಾಯದ ತಂಡಗಳಿಗೆ ಹೆಚ್ಚುವರಿಯಾಗಿ ಸಿಗುವವು) ಮಾತ್ರ ವಿನಾಯಿತಿ. ಗಡುವು ದಾಟಿದ ಮೇಲೂ ಬೇರೆ ತಂಡ ಕೈಬಿಟ್ಟ ರಿಲೀವರ್‌ನನ್ನು ವೇವರ್ಸ್ ಮೂಲಕ ಪಡೆಯಬಹುದು. ಅವನು ಆಗಸ್ಟ್ 31ರೊಳಗೆ ನಿಮ್ಮ ಸಂಸ್ಥೆಗೆ ಸೇರಿದ್ದರೆ ಅಕ್ಟೋಬರ್‌ನಲ್ಲೂ ಆಡಬಹುದು.